ಸ್ಟೀರಿಂಗ್ ಹಿಂದಿನ ಎರಡು ಕಿವಿಗಳು

ಮೊದಲು ಬಂದದ್ದು ವಾಸನೆ. ಏನೋ ಸುಟ್ಟ ಹಾಗೆ ಕಮಟು ಕಮಟು. ಹಿಂದಿನ ಸೀಟಿನಿಂದ ಹೆಂಡತಿ, "ರೀ, ಈ ವಾಸನೆ ನಮ್ಮ ಕಾರಿಂದಾ?" ಅಂದಳು. "ಮುಂದೆ ಯಾವುದೋ ಲಾರಿ ಹೋಗಿರಬೇಕು ಬಿಡು" ಅಂದೆ. ಅಷ್ಟು ದೂರ ಕಣ್ಣು ಹಾಯಿಸಿದರೂ ಒಂದು ಲಾರಿ ಇರಲಿಲ್ಲ.

ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಮಗಳ ಮೊದಲ ಮುಡಿ ಧರ್ಮಸ್ಥಳದಲ್ಲೇ ಆಗಬೇಕು ಅನ್ನೋದು ಅಮ್ಮನ ಹರಕೆ. ಬೆಂಗಳೂರಿಂದ ಹಿಂದಿನ ದಿನವೇ ಚಿಕ್ಕಮಗಳೂರಿನ ಮನೆಗೆ ಬಂದು, ಬೆಳಗ್ಗೆ ಎಲ್ಲರೂ ಹೊರಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿದಿದ್ದೆವು. ಪಕ್ಕದಲ್ಲಿ ಅಪ್ಪ. ಹಿಂದೆ ಅಮ್ಮ, ಹೆಂಡತಿ, ನಡುವೆ ಮಗು. ಡಿಕ್ಕಿ ತುಂಬಾ ಲಗೇಜು.

ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ದಿನಾ ನಿಲ್ಲುವ ಜಾಗದಲ್ಲಿ ನಿಲ್ಲಲಿಲ್ಲ. ಸ್ಪಂಜು ತುಳಿದ ಹಾಗೆ ಮೆತ್ತಗೆ ಒಳಕ್ಕೆ ಹೋಯಿತು. ಇನ್ನೂ ಬಲವಾಗಿ ಒತ್ತಿದ ಮೇಲೆ ಕಾರು ನಿಧಾನವಾಯಿತು, ಆದರೆ ನಾನು ಅಂದುಕೊಂಡಷ್ಟಲ್ಲ. ತಿರುವಿನಲ್ಲಿ ಎದುರಿಂದ ಬಂದ ಬಸ್ಸಿಗೂ ನಮಗೂ ನಡುವೆ ಒಂದು ಕೈ ಅಗಲದ ಜಾಗ ಉಳಿದಿತ್ತು. ಅಮ್ಮ "ಮಂಜುನಾಥಾ" ಅಂದದ್ದು ಕೇಳಿಸಿತು. ಅಪ್ಪ ಮಾತ್ರ ಸಮಾಧಾನವಾಗಿಯೇ ಹೇಳಿದರು: "ಗೇರ್ ಇಳ್ಸು ಮಗಾ."

"ಇದು ಆಟೊಮ್ಯಾಟಿಕ್ ಅಪ್ಪಾ, ಅದೇ ನೋಡ್ಕೊಳ್ಳುತ್ತೆ."

"ಏನ್ ನೋಡ್ಕೊಂತು? ಮೊದ್ಲು ಸೈಡಿಗೆ ಹಾಕು."

ಜಾಗ ಸಿಕ್ಕಿದ ಕಡೆ ನಿಲ್ಲಿಸಿದೆ. ಮುಂದಿನ ಚಕ್ರಗಳ ಹತ್ತಿರ ಹೋದರೆ ಮುಖಕ್ಕೆ ಬಿಸಿ ರಾಚುತ್ತಿತ್ತು. ನೀರಿನ ಬಾಟಲಿ ತೆಗೆದೆ. ಅಪ್ಪ ಕೈ ಹಿಡಿದರು. "ನೀರು ಹಾಕ್ಬೇಡ, ಕಾದ ಡಿಸ್ಕ್ ಸೀಳಿ ಹೋಗುತ್ತೆ. ತಾನಾಗೇ ಆರ್ಲಿ." ಚಕ್ರದಡಿಗೆ ಒಂದು ಕಲ್ಲು ಕೊಟ್ಟು ಕೂತರು. ಕೆಎಸ್ಆರ್‌ಟಿಸಿಯಲ್ಲಿ 29 ವರ್ಷ ಬಸ್ ಓಡಿಸಿ ನಿವೃತ್ತರಾದವರು ನಮ್ಮಪ್ಪ. ಆ 29ರಲ್ಲಿ ಎಷ್ಟೋ ವರ್ಷ ಇದೇ ಘಾಟಿಯಲ್ಲಿ ಕಳೆದಿದ್ದಾರೆ.

ಕೂತಲ್ಲಿಂದಲೇ ಕಾರಿನ ಒಳಗೆ ಬೆರಳು ತೋರಿಸಿ ಕೇಳಿದರು: "ಸ್ಟೀರಿಂಗ್ ಹಿಂದೆ ಅವೆರಡು ಕಿವಿ ಥರ ಇದಾವಲ್ಲ, ಅವೇನು?"

ನನಗೆ ನಾಚಿಕೆಯಾಯಿತು. ಅವು ಪ್ಯಾಡಲ್ ಶಿಫ್ಟರ್‌ಗಳು. ಗೇರ್ ಏರಿಸಿ ಇಳಿಸೋದಕ್ಕೇ ಇರುವಂಥವು.

ಶೋಕಿಗೆ ಮಾತ್ರ

ಎಂಟು ತಿಂಗಳ ಹಿಂದೆ ಈ ಕಾರು ತಗೊಂಡಾಗ ನನ್ನ ತಲೆ ಕೆಡಿಸಿದ್ದೇ ಆ ಪ್ಯಾಡಲ್‌ಗಳು. ಟರ್ಬೊ ಎಂಜಿನ್, 7 ಗೇರಿನ ಡ್ಯುಯಲ್ ಕ್ಲಚ್, ಪಕ್ಕಾ ಸ್ಪೋರ್ಟ್ಸ್ ಕಾರಲ್ಲದಿದ್ದರೂ ಅದರ ಚಿಕ್ಕಪ್ಪನ ಮಗ. ಶೋರೂಮಿನ ಹುಡುಗ "ರೇಸಿಂಗ್ ಫೀಲ್ ಬರುತ್ತೆ ಸರ್" ಅಂದಿದ್ದ. ಆಫೀಸಿನ ಗೆಳೆಯರನ್ನು ಕೂರಿಸಿಕೊಂಡು ಖಾಲಿ ಹೈವೇಯಲ್ಲಿ ಬಲಗಡೆಯ ಪ್ಲಸ್ ಪ್ಯಾಡಲ್ ಟಕ್ ಟಕ್ ಅನ್ನಿಸಿದ್ದು ಬಿಟ್ಟರೆ ನಾನು ಅವನ್ನು ಮುಟ್ಟಿರಲೇ ಇಲ್ಲ. ಎಡಗಡೆಯ ಮೈನಸ್ ಯಾಕಿದೆ ಅಂತ ಯೋಚಿಸಿಯೂ ಇರಲಿಲ್ಲ.

ಪ್ಯಾಡಲ್ ಹುಟ್ಟಿದ್ದು ರೇಸ್ ಟ್ರ್ಯಾಕಿನಲ್ಲೇ ಅನ್ನೋದು ನಿಜ. ಫೆರಾರಿ ತಂಡಕ್ಕೆ ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಫಾರ್ಮುಲಾ ಒನ್ ಕಾರಿನಲ್ಲಿ ಗೇರ್ ಲಿವರ್ ಇರಲಿಲ್ಲ, ಸ್ಟೀರಿಂಗ್ ಹಿಂದೆ ಪ್ಯಾಡಲ್‌ಗಳಿದ್ದವು. ಲಿವರ್‌ಗೆ ಜಾಗ ಬೇಡವಾದ್ದರಿಂದ ಕಾಕ್‌ಪಿಟ್ ಕಿರಿದಾಯಿತು, ಚಾಲಕನ ಎರಡೂ ಕೈ ಸ್ಟೀರಿಂಗ್ ಮೇಲೇ ಉಳಿದವು. ಪರೀಕ್ಷೆಯಲ್ಲಿ ಪದೇ ಪದೇ ಕೈಕೊಟ್ಟಿದ್ದ ಆ ಗೇರ್‌ಬಾಕ್ಸ್ ರೇಸ್ ಮುಗಿಸೋದೇ ಅನುಮಾನ ಅನ್ನುವಂತಿತ್ತು. ಆದರೆ 1989ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ, ಅದರ ಮೊದಲ ರೇಸಿನಲ್ಲೇ, ನೈಜೆಲ್ ಮ್ಯಾನ್ಸೆಲ್ ಗೆದ್ದುಬಿಟ್ಟರು. 1997ರಲ್ಲಿ ಫೆರಾರಿ ಎಫ್355 ಮೂಲಕ ಪ್ಯಾಡಲ್ ರಸ್ತೆಯ ಕಾರಿಗೂ ಬಂತು. ಈಗ ನಮ್ಮ ನಿಮ್ಮ ಕಾರುಗಳಲ್ಲೂ ಇದೆ.

ನೆನಪಿಡಬೇಕಾದ ಮಾತೊಂದಿದೆ. ರೇಸಿನಲ್ಲಿ ಕೂಡ ಚಾಲಕ ಪ್ರತಿ ತಿರುವಿಗೂ ಮೊದಲು ಬ್ರೇಕ್ ಜೊತೆಗೆ ಎಡಗಡೆಯ ಪ್ಯಾಡಲ್ ಎಳೆಯುತ್ತಲೇ ಬರುತ್ತಾನೆ. ನಾವು ನೋಡುವುದು ಬರೀ ವೇಗವನ್ನು.

'ಡಿ' ಯಾಕೆ ಕೈಕೊಟ್ಟಿತು?

ಡಿ ಮೋಡ್‌ನಲ್ಲಿ ಗೇರ್‌ಬಾಕ್ಸ್‌ನ ಕಂಪ್ಯೂಟರಿಗೆ ಪೆಟ್ರೋಲ್ ಉಳಿಸುವ ಚಿಂತೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ 'ಇವನಿಗೆ ಶಕ್ತಿ ಬೇಡ' ಅಂದುಕೊಂಡು ಮೇಲಿನ ಗೇರಿಗೆ ಹೋಗುತ್ತದೆ. ನನ್ನ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಐದನೇ ಗೇರ್ ಹಾಕಿಕೊಂಡು 1,400 ಆರ್‌ಪಿಎಂನಲ್ಲಿ ಹಾಯಾಗಿರುತ್ತದೆ. ಸಮತಟ್ಟು ರಸ್ತೆಗೆ ಅದು ಸರಿ. ಇಳಿಜಾರಿನಲ್ಲಿ ಕಾರನ್ನು ಹಿಡಿಯುವವರು ಯಾರೂ ಇಲ್ಲದ ಹಾಗಾಗುತ್ತದೆ, ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ.

ಆ ಭಾರ ಎಷ್ಟು? ಮನೆಗೆ ಬಂದು ಲೆಕ್ಕ ಹಾಕಿದೆ, ಹೈಸ್ಕೂಲಿನ ಎಂಜಿಎಚ್ ಸೂತ್ರವೇ ಸಾಕು. ಜನ, ಲಗೇಜು ಸೇರಿ 1,500 ಕೆ.ಜಿ. ತೂಗುವ ಕಾರು 100 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲಕ್ಷ ಜೌಲ್. ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಘಾಟಿ ಇಳಿಯುವುದು ನೂರು ಮೀಟರಲ್ಲ, ಅದರ ಹಲವು ಪಟ್ಟು. ವೇಗ ಹೆಚ್ಚದ ಹಾಗೆ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಶಾಖದ ಬಹುಪಾಲು ಹೋಗುವುದು ನಾಲ್ಕು ಚಕ್ರಗಳ ಬ್ರೇಕಿಗೆ.

ಪ್ಯಾಡ್ ವಿಪರೀತ ಕಾದರೆ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೈಪಿನೊಳಗೆ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ನನ್ನ ಕಾಲಿಗೆ ಸಿಕ್ಕ ಸ್ಪಂಜು ಇದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನೋದು ಮಾನದಂಡ, ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು.

ಕೆಳಗಿನ ಗೇರಿನಲ್ಲಿ ಕಥೆಯೇ ಬೇರೆ. ಕಾಲು ತೆಗೆದರೆ ಎಂಜಿನ್ನಿನ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಪೆಟ್ರೋಲ್ ಹರಿಯುವುದೂ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಕಷ್ಟವೇ ಕಾರನ್ನು ಹಿಡಿದು ನಿಲ್ಲಿಸುವ ಶಕ್ತಿ. ಶಾಖ ಎಂಜಿನ್ ಮೂಲಕ ಹೋಗುತ್ತದೆ, ಬ್ರೇಕ್ ತಣ್ಣಗೆ ಉಳಿಯುತ್ತದೆ.

ಇಳಿಜಾರನ್ನು ಗುರುತಿಸಿ ತಾವೇ ಗೇರ್ ಇಳಿಸುವ ಕಾರುಗಳೂ ಇವೆ. ಆದರೆ ನನ್ನ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಗೇರ್‌ಬಾಕ್ಸ್‌ಗೆ ಸಿಗುವ ಇನ್‌ಪುಟ್ ಚಕ್ರದ ವೇಗ, ಪೆಡಲ್ ಇಂಥವು. ಮುಂದಿರುವ ತಿರುವು, ಮಂಜು, ಎದುರು ಬರುವ ಬಸ್ಸು ಅದರ ಇನ್‌ಪುಟ್ ಅಲ್ಲ. ಅದನ್ನು ನಾವು ಕೊಡಬೇಕು. ಕೊಡೋದಕ್ಕೇ ಆ ಎಡಗಡೆಯ ಕಿವಿ.

ಬಳಸೋದು ಹೇಗೆ?

ಅವತ್ತು ಬ್ರೇಕ್ ಆರಿದ ಮೇಲೆ ಅಪ್ಪ ಬಾಯಲ್ಲಿ ಹೇಳಿದ್ದು, ಆಮೇಲೆ ನಾನು ಕಾರಿನ ಕೈಪಿಡಿ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ವೇಗ ಹೆಚ್ಚಾದ ಮೇಲಲ್ಲ. "ಹತ್ತೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದೇ" ಅನ್ನೋದು ಅಪ್ಪನ ಸೂತ್ರ.

ಡಿಯಲ್ಲಿದ್ದಾಗ ಮೈನಸ್ ಎಳೆದರೆ ಗೇರ್ ಇಳಿಯುತ್ತದೆ, ಆದರೆ ಹಲವು ಕಾರುಗಳು ಸ್ವಲ್ಪ ಹೊತ್ತಿಗೆ ತಾವಾಗಿ ಡಿಗೆ ವಾಪಸಾಗುತ್ತವೆ. ಘಾಟಿಯ ಮಧ್ಯೆ ಹಾಗಾಗುವುದು ಬೇಡ ಅಂದರೆ ಲಿವರ್ ಅನ್ನು ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಿ. ಅದು ಎಂ ಅಂತಿದೆಯೋ ಎಸ್ ಅಂತಿದೆಯೋ ನಿಮ್ಮ ಕೈಪಿಡಿ ನೋಡಿ.

ಒಂದೊಂದೇ ಗೇರ್ ಇಳಿಸಿ. ಎಂಜಿನ್ ತಡೆಯದಷ್ಟು ಕೆಳಗಿನ ಗೇರ್ ಕೇಳಿದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಆಗ ಬ್ರೇಕಿನಿಂದ ವೇಗ ತಗ್ಗಿಸಿ ಮತ್ತೆ ಎಳೆಯಿರಿ.

ತಿರುವಿಗೆ ಮೊದಲೇ ಗೇರ್ ಬದಲಿಸಿ, ತಿರುವಿನೊಳಗೆ ಬೇಡ. ಮಳೆಯಲ್ಲಿ ಏಕಾಏಕಿ ಇಳಿಸಿದರೆ ಚಕ್ರ ಜಾರಬಹುದು. ಸ್ಟೀರಿಂಗ್ ಜೊತೆಗೇ ತಿರುಗುವ ಪ್ಯಾಡಲ್‌ಗಳಾದರೆ ಹೇರ್‌ಪಿನ್‌ನಲ್ಲಿ ಮೈನಸ್ ಎಲ್ಲಿ, ಪ್ಲಸ್ ಎಲ್ಲಿ ಅಂತ ಹುಡುಕಬೇಕಾಗುತ್ತದೆ.

ಎಂಜಿನ್ ಸದ್ದು ಕೇಳಿ ಹೆದರಬೇಡಿ. ಎರಡನೇ ಗೇರಿನಲ್ಲಿ 35 ಕಿ.ಮೀ. ವೇಗಕ್ಕೆ ನನ್ನ ಕಾರು 2,600 ಆರ್‌ಪಿಎಂ ತೋರಿಸುತ್ತದೆ. ಕೆಂಪು ಗೆರೆ ಇನ್ನೂ ಬಹಳ ದೂರ.

ಬ್ರೇಕ್ ಬೇಡವೇ ಬೇಡ ಅಂತಲ್ಲ. ಬೇಕಾದಾಗ ಗಟ್ಟಿಯಾಗಿ ಒತ್ತಿ, ಬಿಡಿ. ಮೇಲಿಂದ ಕೆಳಗಿನವರೆಗೆ ಕಾಲು ಇಟ್ಟುಕೊಂಡೇ ಬರುವುದು ತಪ್ಪು. ಎಂಜಿನ್ನಿನಿಂದ ನಿಧಾನವಾಗುವಾಗ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ ಅನ್ನೋದೂ ನೆನಪಿರಲಿ. ಹಿಂದೆ ಅಂಟಿಕೊಂಡು ಬರುವವರಿದ್ದರೆ ಪೆಡಲ್ ಮೆಲ್ಲಗೆ ಮುಟ್ಟಿ ಸೂಚನೆ ಕೊಡಿ.

ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲೂ ಪ್ಯಾಡಲ್ ಇರುತ್ತವೆ. ಅವು ಬದಲಿಸುವುದು ಗೇರನ್ನಲ್ಲ, ಮೋಟಾರ್ ಎಷ್ಟು ಎಳೆದು ಹಿಡಿದು ಬ್ಯಾಟರಿಗೆ ಚಾರ್ಜ್ ಮಾಡಬೇಕು ಅನ್ನೋದನ್ನು. ಇಳಿಜಾರಿನಲ್ಲಿ ಉಪಯೋಗ ಒಂದೇ.

ವಾಪಸು ಬರುವಾಗ

ಅವತ್ತು ಉಳಿದ ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿದೆ. ಅಪ್ಪ ಪಕ್ಕದಲ್ಲಿ ಕೂತು "ಈಗ ಇಳ್ಸು... ಇರ್ಲಿ ಬಿಡು... ಈಗ ಮೂರು" ಅನ್ನುತ್ತಿದ್ದರು. ಕೆಳಗೆ ಮುಟ್ಟುವಾಗ ಬ್ರೇಕಿನ ವಾಸನೆ ಇರಲಿಲ್ಲ. ಮಗಳು ನಿದ್ದೆ ಹೋಗಿದ್ದಳು.

ನಿವೃತ್ತಿಯಾದ ಮೇಲೆ ಅಪ್ಪ ಗಾಡಿ ಓಡಿಸುವುದನ್ನೇ ಬಿಟ್ಟಿದ್ದರು. ವರ್ಷಗಟ್ಟಲೆ ಕ್ಲಚ್ ಒತ್ತಿದ ಎಡಗಾಲಿನ ಮಂಡಿ ಈಗ ಮಾತು ಕೇಳುವುದಿಲ್ಲ. ನಾನು ಕಾರು ತಂದ ದಿನ "ಗೇರಿಲ್ಲದ ಗಾಡಿ ಏನ್ ಗಾಡಿ" ಅಂದಿದ್ದರು, ಅದರ ಬಳಿಗೂ ಬಂದಿರಲಿಲ್ಲ. ಈ ಕಾರಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ ಅನ್ನುವುದು ಎಂಟು ತಿಂಗಳಾದರೂ ನನಗೂ ಹೊಳೆದಿರಲಿಲ್ಲ.

ಮರುದಿನ ಮುಡಿ ಮುಗಿಸಿ ಹೊರಟಾಗ ಕೀ ಅಪ್ಪನ ಕೈಗೆ ಕೊಟ್ಟೆ. ಬೇಡ ಅಂದರು. ಅಮ್ಮ "ಓಡ್ಸ್ರೀ" ಅಂದಳು. ಉಜಿರೆಯವರೆಗೆ ಅಳುಕುತ್ತಲೇ ಓಡಿಸಿದರು, ಎಡಗಾಲು ಮಾತ್ರ ಆಗಾಗ ಇಲ್ಲದ ಕ್ಲಚ್ ಹುಡುಕುತ್ತಿತ್ತು. ಘಾಟಿ ಹತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಮುಂದೆ ಒಂದು ಇಳಿಜಾರು ಬಂತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪನ ಎಡಗೈ ಬೆರಳು ಮೈನಸ್ ಎಳೆದಿತ್ತು. ಎಂಜಿನ್ ಗುಂಯ್ ಅಂತ ಸದ್ದು ಮಾಡಿ ಕಾರನ್ನು ಹಿಡಿಯಿತು.

"ಗೇರ್ ಇದೆ ಕಣೋ ಇದಕ್ಕೆ" ಅಂದರು ಅಪ್ಪ.