ಸುತ್ತಿಗೆ ಏಟಿನ ಲೆಕ್ಕ

ಮಂಕಿ, ಹೊನ್ನಾವರದ ಕಡೆಯ ಹಳೆಯ ಬಚ್ಚಲುಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ತಾಮ್ರದ ಹಂಡೆ ಉಳಿದಿದೆ. ಮಸಿ ತಿಕ್ಕಿ ಬೆಳಕಿಗೆ ಹಿಡಿದರೆ ಕೈಯಿಂದ ಬಡಿದ ಹಂಡೆಯ ಮೈಮೇಲೆ ಸುತ್ತಿಗೆಯ ಗುರುತುಗಳು ಸಾಲಾಗಿ ಕಾಣುತ್ತವೆ. ತಾಮ್ರದ ತಗಡನ್ನು ತಣ್ಣಗಿರುವಾಗಲೇ ಬಡಿಯುತ್ತ ಹೋದರೆ ಅದು ಬಿಸಿಯಾಗುತ್ತದೆ, ಗಡುಸೂ ಆಗುತ್ತದೆ; ಇನ್ನೂ ಬಡಿದರೆ ಅಂಚು ಸೀಳುತ್ತದೆ. ಅದಕ್ಕೇ ನಡುನಡುವೆ ಅದನ್ನು ಕೆಂಪಗೆ ಕಾಸಿ ಮೆದು ಮಾಡಿಕೊಳ್ಳುತ್ತಿದ್ದರು. ಏಟಿಗೆ ಬಿಸಿಯಾದದ್ದು ಸರಿ, ಗಡುಸಾದದ್ದೇಕೆ? ತೋಳಿನ ಶಕ್ತಿಯಲ್ಲಿ ಒಂದು ಪಾಲು ಲೋಹದೊಳಗೇ ಉಳಿಯಿತೆ? ಈ ಪ್ರಶ್ನೆಯ ಬೆನ್ನು ಹತ್ತಿದವನಿಗೆ ಮೊದಲು ಸಿಕ್ಕಿದ್ದು ಫ್ರಾನ್ಸಿನ ಒಂದು ಪ್ರಸಂಗ.

1870ರ ದಶಕ. ಮೀಟರಿನ ಮೂಲ ಅಳತೆಗೋಲಿಗೆಂದು ಪ್ಲಾಟಿನಂ-ಇರಿಡಿಯಂ ಮಿಶ್ರಲೋಹ ಸಿದ್ಧವಾಗುತ್ತಿದ್ದ ಕಾಲ. ಆನ್ರಿ ತ್ರೆಸ್ಕಾ ಎಂಬ ಎಂಜಿನಿಯರ್ ಅದರ ಸರಳೊಂದನ್ನು ಹಬೆ ಸುತ್ತಿಗೆಯಡಿ ಬಡಿಸುತ್ತಿದ್ದರು. ಸರಳು ಆರುತ್ತ ಬಂದು ಕೆಂಪು ಮಾಸಿತ್ತು. ಏಟು ಬಿದ್ದ ಕ್ಷಣ ಅದರ ಮಗ್ಗುಲಲ್ಲಿ ಎರಡು ಓರೆ ಗೆರೆಗಳು ಒಂದನ್ನೊಂದು ಹಾಯ್ದು ಮತ್ತೆ ಕೆಂಪಗೆ ಹೊಳೆದವು. ಲೋಹ ಎಲ್ಲಿ ಜಾರಿತೋ ಅಲ್ಲೇ ಕಾವು. ತ್ರೆಸ್ಕಾ ಲೋಹದ ತುಂಡುಗಳಿಗೆ ಮೇಣ ಬಳಿದೂ ಬಡಿಸಿ ನೋಡಿದರು. ಕರಗಿದ ಮೇಣದ ಹರಹನ್ನು ಅಳೆದು, ಏಟಿನಲ್ಲಿ ಎಷ್ಟು ಪಾಲು ಶಾಖವಾಯಿತೆಂದು ಲೆಕ್ಕ ಹಾಕಿದರು. ಇದಕ್ಕಿಂತ ಚೆಂದದ ಪ್ರಯೋಗವನ್ನು ಈ ಶಾಸ್ತ್ರದಲ್ಲಿ ನಾನು ಕಂಡಿಲ್ಲ.

ಮುಂದಿನ ದಶಕಗಳನ್ನು ದಾಟಿ 1925ಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಜಿ. ಐ. ಟೇಲರ್ ಮತ್ತು ಫ್ಯಾರನ್ ಲೋಹದ ಸರಳುಗಳನ್ನು ಎಳೆದು, ಅವು ಎಷ್ಟು ಬಿಸಿಯಾಗುತ್ತವೆಂದು ಅಳೆದರು. ಉಕ್ಕಿನಲ್ಲಿ ಶ್ರಮದ ಸುಮಾರು ಶೇ 86, ತಾಮ್ರದಲ್ಲಿ ಸುಮಾರು ಶೇ 90ರಷ್ಟು ಶಾಖವಾಗಿತ್ತು. ಮಿಕ್ಕದ್ದು ಒಳಗೆ ಉಳಿದಿತ್ತು. 1934ರಲ್ಲಿ ಟೇಲರ್, ಕ್ವಿನ್ನಿ ಜೊತೆ ಆ ಉಳಿಕೆಯ ಬೆನ್ನು ಹತ್ತಿದರು. ಅದೇ ವರ್ಷ ಟೇಲರ್, ಓರೊವಾನ್, ಪೊಲಾನಿ ಮೂವರೂ ಬೇರೆಬೇರೆಯಾಗಿಯೇ ಲೋಹದ ಹರಳಿನಲ್ಲಿ ಪರಮಾಣುಗಳ ಸಾಲು ತಪ್ಪುವ ಗೆರೆಗಳನ್ನು, ಅಂದರೆ ಡಿಸ್‌ಲೊಕೇಶನ್‌ಗಳನ್ನು, ಊಹಿಸಿದರು. ಪ್ರತಿ ಏಟಿಗೂ ಈ ಗೆರೆಗಳು ಹೆಚ್ಚುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಗಡುಸುತನ ಅದೇ, ಕೂಡಿಟ್ಟ ಶಕ್ತಿಯೂ ಬಹುಮಟ್ಟಿಗೆ ಅಲ್ಲಿಯೇ. ಕಾಸಿದಾಗ ಸಿಕ್ಕು ಬಿಡಿಸಿಕೊಂಡು ಹೊಸ ಹರಳುಗಳು ಹುಟ್ಟುತ್ತವೆ, ಉಳಿದಿದ್ದ ಶಕ್ತಿ ಶಾಖವಾಗಿ ಹೊರಬೀಳುತ್ತದೆ.

ಇಲ್ಲಿಂದ ಕಥೆ ಬೆಂಗಳೂರಿಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರಜ್ಞ ವೈ. ವಿ. ಆರ್. ಕೆ. ಪ್ರಸಾದ್ ಅವರು ಅಮೆರಿಕದ ಸಹೋದ್ಯೋಗಿಗಳೊಂದಿಗೆ 1984ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ, ಟೈಟಾನಿಯಂ ಮಿಶ್ರಲೋಹವೊಂದನ್ನು ಕಾಸಿ ಬಡಿಯುವ ಬಗೆ. ಬಿಸಿ ಲೋಹಕ್ಕೆ ಕೊಟ್ಟ ಶಕ್ತಿಯನ್ನು ಅವರು ಎರಡಾಗಿ ಹಂಚಿದರು: ಒಂದು ಪಾಲು ಶಾಖವಾಗಿ ಹೋಗುವುದು, ಇನ್ನೊಂದು ಲೋಹದ ಒಳರಚನೆಯನ್ನು ಬದಲಿಸಲು ವ್ಯಯವಾಗುವುದು. ಈ ಎರಡನೆಯ ಪಾಲನ್ನು ಒಂದು ಕಡೆ ಉಷ್ಣತೆ, ಇನ್ನೊಂದು ಕಡೆ ಬಡಿತದ ವೇಗ ಇಟ್ಟು ಬರೆದರೆ ಭೂಪಟದಂತಹ ನಕ್ಷೆ ಸಿಗುತ್ತದೆ. ಎಲ್ಲಿ ಹೊಸ ಹರಳು ಹುಟ್ಟಿ ಲೋಹ ಹದಕ್ಕೆ ಬರುತ್ತದೆ, ಎಲ್ಲಿ ಕಾವು ಕಿರಿದಾದ ಪಟ್ಟಿಗಳಲ್ಲಿ ಕೂಡಿ ಲೋಹ ಕೆಡುತ್ತದೆ, ಎರಡೂ ಅದರಲ್ಲಿ ಗುರುತಾಗುತ್ತವೆ. ತ್ರೆಸ್ಕಾ ಕಂಡ ಕೆಂಪು ಗೆರೆಗಳಂಥವೇ ಆ ಕೇಡಿನ ಪಟ್ಟಿಗಳು. ಪ್ರಸಾದ್ ಮತ್ತು ಎಸ್. ಶಶಿಧರ ಸಂಕಲಿಸಿದ ಇಂಥ ನಕ್ಷೆಗಳ ಕೈಪಿಡಿ 1997ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು.

ಅದಕ್ಕೆ ಮೊದಲೇ ಜಗಳ ಶುರುವಾಗಿತ್ತು. 1996ರಲ್ಲಿ ಫ್ರಾನ್ಸಿನ ಮೊಂತೆಯೆ, ಕೆನಡಾದ ಜೋನಸ್ ಮತ್ತು ನೀಲ್ ಮೂಲಕ್ಕೇ ಕೈ ಹಾಕಿದರು. ಈ ಎರಡು ಪಾಲುಗಳು ಗಣಿತದ ಹಂಚಿಕೆ ಮಾತ್ರ, ಎರಡನೆಯದು ಒಳರಚನೆಗೇ ಹೋಗುತ್ತದೆ ಎನ್ನಲು ಭೌತಿಕ ಆಧಾರವಿಲ್ಲ; ನಕ್ಷೆ ಹೇಳುವುದನ್ನೆಲ್ಲ, ವೇಗ ಹೆಚ್ಚಿದರೆ ಲೋಹ ಎಷ್ಟು ಬಿಗಿಯುತ್ತದೆ ಎಂಬ ಒಂದೇ ಅಂಕಿ ಹೇಳುತ್ತದೆ ಎಂಬುದು ಅವರ ವಾದ. ತಿರುವನಂತಪುರದ ವಿಕ್ರಂ ಸಾರಾಭಾಯಿ ಕೇಂದ್ರದ ನಾರಾಯಣಮೂರ್ತಿ ಮತ್ತು ನಾಗೇಶ್ವರ ರಾವ್ ಅವರ ತಕರಾರು ಬೇರೆ: ಆ ಅಂಕಿ ಎಲ್ಲ ವೇಗಕ್ಕೂ ಒಂದೇ ಇರುವುದಿಲ್ಲ, ಆದ್ದರಿಂದ ಪಾಲಿನ ಲೆಕ್ಕವನ್ನೇ ಬೇರೆ ರೀತಿ ಮಾಡಬೇಕು.

ನನ್ನ ಒಲವು ವಿಮರ್ಶಕರ ಕಡೆಗಿದೆ. ಟೇಲರ್ ಅಳೆದಾಗ ಬಹುಪಾಲು ಶಕ್ತಿ ಶಾಖವಾಗಿಯೇ ಹೋಗಿತ್ತು. ಪ್ರಸಾದ್ ಅವರ ಹಂಚಿಕೆಯಲ್ಲಿ ಒಳರಚನೆಯ ಪಾಲು ಅರ್ಧದವರೆಗೂ ಏರಬಹುದು. ತಣ್ಣನೆಯ ಸರಳಿನ ಅಳತೆ ಬಿಸಿ ಲೋಹಕ್ಕೆ ಹಾಗೇ ಒಪ್ಪದಿದ್ದರೂ ಅಂತರ ತೀರಾ ದೊಡ್ಡದು. ಆದರೂ ನಕ್ಷೆಗಳು ಮೂಲೆ ಸೇರಲಿಲ್ಲ. ಕೈಪಿಡಿ 2015ರಲ್ಲಿ ಬರೀ ಮರುಮುದ್ರಣವಾಗಿ ಅಲ್ಲ, ಹೊಸ ಆವೃತ್ತಿಯಾಗಿ ಬಂತು. ಹೊಸ ಮಿಶ್ರಲೋಹ ಬಂದರೆ ಅದರ ನಕ್ಷೆ ಬರೆಯುವವರು ಚೀನಾದಿಂದ ಯುರೋಪಿನವರೆಗೆ ಇದ್ದಾರೆ. ನಮ್ಮದೇ ಬೆಂಗಳೂರಿನಲ್ಲಿ ಬೆಳೆದ ಈ ವಿದ್ಯೆಯ ಬಗ್ಗೆ, ಈ ಜಗಳದ ಬಗ್ಗೆ ಕನ್ನಡದಲ್ಲಿ ಹುಡುಕಿದೆ. ಒಂದು ಪುಸ್ತಕವೂ ನನ್ನ ಕೈಗೆ ಸಿಗಲಿಲ್ಲ. ತಾಮ್ರ ಬಡಿಯುವ ಕಸುಬೂ ಕಣ್ಮರೆಯಾಗುತ್ತಿರುವಾಗ, ಲೋಹ ಯಾವಾಗ ಗಡುಸಾಯಿತು, ಯಾವಾಗ ಕಾಸಬೇಕು ಎಂದು ಕೈಯಲ್ಲೇ ತಿಳಿದವರ ಮಾತನ್ನೂ ಯಾರಾದರೂ ಬರೆದಿಡಬೇಕಿತ್ತು.