ಬ್ಯಾಡಗಿಯ ಕೆಂಪಿಗೆ ಅಂಕಿ ಹಚ್ಚುವ ಯಂತ್ರ

ಸುಗ್ಗಿಯ ಸೋಮವಾರ, ಗುರುವಾರಗಳಲ್ಲಿ ಬ್ಯಾಡಗಿ ಎಪಿಎಂಸಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೀಲಗಳ ಸಾಲಿನ ನಡುವೆ ಕೆಮ್ಮುತ್ತಲೇ ವ್ಯಾಪಾರ ಸಾಗುತ್ತದೆ. ಖರೀದಿದಾರ ಹಿಡಿ ಕಾಯಿ ತೆಗೆದು ಸುಕ್ಕು ನೋಡುತ್ತಾನೆ, ಮುರಿದು ತೇವ ಅಂದಾಜಿಸುತ್ತಾನೆ, ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಂದು ತೀರ್ಮಾನಿಸುತ್ತಾನೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ ಎಂಬ ಸಾರ ತೆಗೆಯುವ ಕಾರ್ಖಾನೆಗಳು ಇದನ್ನು ಕೊಳ್ಳುತ್ತವೆ. ಅವು ಕಣ್ಣಂದಾಜನ್ನು ನೆಚ್ಚುವುದಿಲ್ಲ. ಕೇಳುವುದು ಆಸ್ಟಾ ಅಂಕಿ, ಅಂದರೆ ಅಮೆರಿಕದ ಮಸಾಲೆ ವರ್ತಕರ ಸಂಘ ಗೊತ್ತುಮಾಡಿದ ಬಣ್ಣದ ಅಳತೆ.

ವಿಧಾನ ಸರಳ. 70ರಿಂದ 100 ಮಿಲಿಗ್ರಾಂ ಮೆಣಸಿನ ಪುಡಿಯನ್ನು 100 ಮಿ.ಲೀ. ಫ್ಲಾಸ್ಕಿಗೆ ಹಾಕಿ, ಅಸಿಟೋನ್ ತುಂಬಿ, ಮುಚ್ಚಳ ಬಿಗಿದು 16 ಗಂಟೆ ಕತ್ತಲಲ್ಲಿಡಬೇಕು. ತಿಳಿಯಾದ ಕೆಂಪು ದ್ರಾವಣವನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿಟ್ಟರೆ 460 ನ್ಯಾನೋಮೀಟರಿನ ಬೆಳಕನ್ನು ಅದು ಎಷ್ಟು ಹೀರಿತೆಂದು ತಿಳಿಯುತ್ತದೆ. ಅದನ್ನು 16.4ರಿಂದ ಗುಣಿಸಿ, ಗ್ರಾಂ ಲೆಕ್ಕದ ಪುಡಿಯ ತೂಕದಿಂದ ಭಾಗಿಸಬೇಕು. 80 ಮಿಲಿಗ್ರಾಂ ಪುಡಿಗೆ 0.75 ಬಂದರೆ ಆಸ್ಟಾ ಸುಮಾರು 154. ಉತ್ತಮ ಬಣ್ಣದ ಕಾಯಿ ಎನ್ನಬಹುದು.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ದ್ರಾವಣ ತುಂಬುವ ಕುವೆಟ್ಟಿನ ಗಾಜಿನ ಮೇಲೆ ಬೆರಳ ಗುರುತು ಉಳಿದು ಓದು 0.02ರಷ್ಟು ಏರಿದರೆ ಆಸ್ಟಾ ನಾಲ್ಕು ಅಂಕ ಜಿಗಿಯುತ್ತದೆ. ತಕ್ಕಡಿ ಒಂದೇ ಒಂದು ಮಿಲಿಗ್ರಾಂ ತಪ್ಪಿದರೆ ಎರಡು ಅಂಕ ಹೋಯಿತು. ಮುಚ್ಚಳ ಸಡಿಲವಿದ್ದರೆ ಅಸಿಟೋನ್ ಆರಿ ದ್ರಾವಣ ಗಾಢವಾಗುತ್ತದೆ, ಕಾಯಿ ಇದ್ದದ್ದಕ್ಕಿಂತ ಕೆಂಪಗೆ ಕಾಣುತ್ತದೆ. ಅಗ್ಗದ ಪ್ಲಾಸ್ಟಿಕ್ ಕುವೆಟ್ಟನ್ನಂತೂ ಅಸಿಟೋನೇ ಕರಗಿಸಿಬಿಡುತ್ತದೆ. ಯಂತ್ರದ ದೀಪವೂ ವಯಸ್ಸಾದಂತೆ ಮಂಕಾಗುತ್ತದೆ. ಅದಕ್ಕೇ ಆಸ್ಟಾ ಸೂತ್ರದಲ್ಲಿ ‘ಯಂತ್ರದ ಗುಣಕ’ ಎಂಬ ಇನ್ನೊಂದು ಪದವಿದೆ: ಪ್ರಮಾಣಿತ ಗಾಜಿನ ಫಿಲ್ಟರನ್ನು 465 ನ್ಯಾನೋಮೀಟರಿನಲ್ಲಿ ಓದಿ, ಪ್ರಮಾಣಪತ್ರದಲ್ಲಿರುವ ಅಂಕಿಯನ್ನು ಯಂತ್ರ ತೋರಿದ ಅಂಕಿಯಿಂದ ಭಾಗಿಸುವುದು. ಸೂತ್ರದೊಳಗೇ ಯಂತ್ರದ ಮೇಲಿನ ಸಂಶಯವನ್ನು ಬರೆದಿಟ್ಟವರ ಬಗ್ಗೆ ನನಗೆ ಬಹಳ ಗೌರವ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ ಹೆಜ್ಜೆ.

ಔಷಧ ತಯಾರಿಕೆಯ ಪ್ರಯೋಗಾಲಯದಲ್ಲಿ ಯಂತ್ರವನ್ನು ಪರೀಕ್ಷಿಸಿಯೇ ನಂಬುವ ಈ ಶಿಸ್ತಿಗೆ ಪ್ರಾಣದ ಬೆಲೆಯಿದೆ. ಅಲ್ಲಿನ ರಿಫ್ರ್ಯಾಕ್ಟೋಮೀಟರ್, ದ್ರವದೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಒಂದೇ ಹನಿಯಲ್ಲಿ ಅಳೆಯುತ್ತದೆ. ಜರ್ಮನಿಯ ಯೇನಾದಲ್ಲಿ ಅರ್ನ್ಸ್ಟ್ ಅಬೆ 1874ರಲ್ಲಿ ವಿವರಿಸಿದ ಉಪಕರಣ ಅದು. ಸಿರಪ್‌ಗೆ ಹಾಕುವ ಗ್ಲಿಸರಿನ್ನಿಗೆ ಈ ಬಾಗುವಿಕೆಯ ಅಂಕಿ 1.470ರಿಂದ 1.475ರೊಳಗೆ ಬರಬೇಕು. ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ತೋರಿಸುವುದು ಸುಮಾರು 1.447. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತದ್ದು ಗ್ಲಿಸರಿನ್ನಿನಲ್ಲಿ ಬೆರೆತಿದ್ದ ಇದೇ ವಿಷದಿಂದ. ಆದರೆ ನೀರು ಬೆರೆತ ಗ್ಲಿಸರಿನ್ನೂ ಇಂಥದೇ ಅಂಕಿ ತೋರಬಲ್ಲದು, ಅಲ್ಪ ಪ್ರಮಾಣದ ವಿಷ ಮಿತಿಯೊಳಗೇ ಅಡಗಬಲ್ಲದು. ರಿಫ್ರ್ಯಾಕ್ಟೋಮೀಟರ್ ಶಂಕೆಯನ್ನಷ್ಟೇ ಎತ್ತುತ್ತದೆ, ತೀರ್ಪಿಗೆ ಗ್ಯಾಸ್ ಕ್ರೊಮಟೋಗ್ರಫಿಯೇ ಬೇಕು.

ರಿಫ್ರ್ಯಾಕ್ಟೋಮೀಟರಿನ ದೊಡ್ಡ ವೈರಿ ಸೆಕೆ. ಶುದ್ಧ ನೀರು 20 ಡಿಗ್ರಿಯಲ್ಲಿ 1.3330, 25 ಡಿಗ್ರಿಯಲ್ಲಿ 1.3325. ಒಂದೊಂದು ಡಿಗ್ರಿಗೂ ಗ್ಲಿಸರಿನ್ನಿನ ಅಂಕಿ 0.0002ಕ್ಕಿಂತ ಹೆಚ್ಚು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಹಾವೇರಿಯಲ್ಲಿ ತಂಪಿನ ವ್ಯವಸ್ಥೆಯಿಲ್ಲದ ಕೋಣೆಯೊಂದರಲ್ಲಿ ಓದಿದರೆ ಒಳ್ಳೆಯ ಮಾಲೂ ಮಿತಿಯ ಅಂಚಿಗೆ ಜಾರುತ್ತದೆ. ದಿನದ ಕೆಲಸ ಶುರುವಾಗುವ ಮೊದಲು ಶುದ್ಧ ನೀರಿನಿಂದ ಪರೀಕ್ಷಿಸಿ, ಅಂಕಿಯ ಪಕ್ಕ ಉಷ್ಣತೆ ಬರೆಯಬೇಕು. ಪ್ರಿಸಂ ಗಾಜು ಮೆದು. ಲೋಹದ ಚಮಚ ತಾಗಿದರೆ ಗೀರು ಬಿತ್ತೆಂದೇ ಲೆಕ್ಕ. ಹನಿ ಬಿಡಲು ಪ್ಲಾಸ್ಟಿಕ್ ಡ್ರಾಪರ್, ಒರೆಸಲು ಮೆದುವಾದ ಲೆನ್ಸ್ ಕಾಗದ. ಸಕ್ಕರೆಯ ಸಿರಪ್ ಆದರೆ ನೀರಿನಿಂದ, ಎಣ್ಣೆಯಾದರೆ ಆಲ್ಕೋಹಾಲಿನಿಂದ ಕೂಡಲೇ ತೊಳೆಯಬೇಕು. ನಿನ್ನೆಯ ಮಾದರಿಯ ಪದರ ಉಳಿದಿದ್ದರೆ ಇವತ್ತಿನ ಅಂಕಿ ಯಾವ ಮಾಲಿನದು?

ಬ್ಯಾಡಗಿಯ ಬಣ್ಣವೂ ಅಷ್ಟೇ ಸೂಕ್ಷ್ಮ. ಮೆಣಸಿನ ಗಿಡದಲ್ಲಿ ಕೀಟಗಳಿಂದ ಪರಕೀಯ ಪರಾಗ ಸೇರುವುದು ಸಾಮಾನ್ಯ. ಹೊಲದ ಬದಿಯಲ್ಲೇ ಬೇರೆ ತಳಿಯಿದ್ದರೆ ಮನೆಯಲ್ಲಿ ತೆಗೆದಿಟ್ಟ ಡಬ್ಬಿ ಬೀಜದ ಗುಣವೂ ಬೆರಕೆಯಾಗುತ್ತದೆ. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರು ಇರುವುದು ಬ್ಯಾಡಗಿಯಿರುವ ಹಾವೇರಿ ಜಿಲ್ಲೆಯಲ್ಲೇ, ಆದ್ದರಿಂದ ಬಣ್ಣದ ಪರೀಕ್ಷೆ ಬೀಜದಿಂದಲೇ ಶುರುವಾಗಲಿ ಎಂದು ಕೇಳಲು ದೂರ ಹೋಗಬೇಕಿಲ್ಲ. ಕೊಯ್ಲಾದ ಮೇಲೂ ಬಿಸಿಲು, ಬೆಳಕು, ತೇವ ಕೆಂಪನ್ನು ತಿನ್ನುತ್ತವೆ.

2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟಿಗೆ ಇದೇ ಎಪಿಎಂಸಿಯಲ್ಲಿ ವಾಹನಗಳು ಸುಟ್ಟುಹೋದವು. ದರ ಬೀಳಲು ಕಾರಣ ಹಲವಿರಬಹುದು. ಆದರೆ ತನ್ನ ಕಾಯಿಯ ಬಣ್ಣವನ್ನು ಯಾರು, ಹೇಗೆ ಅಳೆದರೆಂದು ತಿಳಿಯದವನಿಗೆ ಯಾವ ದರವೂ ನ್ಯಾಯವೆನಿಸುವುದಿಲ್ಲ. ಟೆಂಡರ್ ಚೀಟಿಯ ಮೇಲೆ ಆಸ್ಟಾ ಅಂಕಿ ಮುದ್ರಿಸಿ; ಅದರ ಕೆಳಗೆ ಯಂತ್ರದ ಗುಣಕ, ಫಿಲ್ಟರ್ ಪರೀಕ್ಷಿಸಿದ ದಿನಾಂಕವೂ ಇರಲಿ. ಅನುಮಾನವಿದ್ದವನು ಅದೇ ಲಾಟಿನ ಇನ್ನೊಂದು ಹಿಡಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ತಾಳೆ ನೋಡಲಿ.