ಜೇಬಿನ ಚಾಕು: ಯಾವ ಕೆಲಸಕ್ಕೆ ಯಾವ ಅಲಗು?

ಇಕ್ಕಳ, ಸ್ಕ್ರೂಡ್ರೈವರ್, ಗರಗಸ, ಚಾಕು ಎಲ್ಲವೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಮಲ್ಟಿಟೂಲ್ ಈಗ ಅನೇಕ ರೈತರ ಜೇಬಿನಲ್ಲಿದೆ. ಕೊಳ್ಳುವಾಗ ಹೆಚ್ಚಿನವರು ಎಣಿಸುವುದು ಅದರಲ್ಲಿ ಎಷ್ಟು ಸಾಮಾನು ಇದೆ ಅಂತ. ನಾನು ಹೇಳುವುದು ಬೇರೆ. ಮೊದಲು ಚಾಕು ಬಿಚ್ಚಿ, ಅಲಗಿನ ಆಕಾರ ನೋಡಿ. ತೋಟದಲ್ಲಿ ಪದೇ ಪದೇ ಕೈಗೆ ಬರುವುದು ಅದೇ. ಆಕಾರ ಕೆಲಸಕ್ಕೆ ಹೊಂದದಿದ್ದರೆ ಕಸಿ ಹಿಡಿಯಲ್ಲ, ಬೆರಳಿಗೆ ಏಟು, ದನದ ಮೈಗೂ ಗಾಯ.

ಅಲಗಿನಲ್ಲಿ ನೋಡಬೇಕಾದ್ದು ಮೂರು: ಹರಿತವಾದ ಬಾಯಿ, ಮೊಂಡಾದ ಬೆನ್ನು, ತುದಿಯ ಮೊನೆ. ಈ ಮೂರು ಹೇಗೆ ಸೇರುತ್ತವೆ ಎಂಬುದರ ಮೇಲೆ ಚಾಕುವಿನ ಗುಣ ನಿಂತಿದೆ.

ಬೆನ್ನು ಬಾಗಿ ಮೊನೆ ಇಳಿದ ಅಲಗು (ಡ್ರಾಪ್ ಪಾಯಿಂಟ್)

ಬೆನ್ನು ನಿಧಾನವಾಗಿ ಮೊನೆಯ ಕಡೆಗೆ ಇಳಿಯುತ್ತದೆ. ಮೊನೆ ದಪ್ಪ ಇರುವುದರಿಂದ ಬೇಗ ಮುರಿಯಲ್ಲ. ಗೊಬ್ಬರದ ಚೀಲ ಬಿಚ್ಚಲು, ಹಣ್ಣು ಕೊಯ್ಯಲು, ಲ್ಯಾಟರಲ್ ಪೈಪ್ ಕತ್ತರಿಸಲು ಸಾಕು. ಒಂದೇ ಅಲಗು ಬೇಕು ಅನ್ನುವವರಿಗೆ ಇದೇ ಸರಿ. ಬೆನ್ನನ್ನು ಮುಂದೆ ತಗ್ಗಿಸಿ ಮೊನೆಯನ್ನು ಸೂಜಿಯಂತೆ ಮಾಡಿದ ಕ್ಲಿಪ್ ಪಾಯಿಂಟ್ ನೋಡಲು ಚೆಂದ, ಚುಚ್ಚಲೂ ಚೆನ್ನ. ಆದರೆ ಸಂದಿಗೆ ಹಾಕಿ ಮೀಟಿದರೆ ತುದಿ ಹೋಯ್ತು ಅಂತಲೇ ಲೆಕ್ಕ.

ಮೊನೆ ಇಲ್ಲದ ಅಲಗು (ಶೀಪ್ಸ್‌ಫುಟ್)

ಬಾಯಿ ನೇರ, ಬೆನ್ನು ತುದಿಯಲ್ಲಿ ಕೆಳಗೆ ಬಾಗಿ ಮುಗಿಯುತ್ತದೆ. ದನ ಕಟ್ಟಿದವರಿಗೆ ಇದರ ಬೆಲೆ ಗೊತ್ತು. ಕರುವಿನ ಕೊರಳಿಗೆ ಹಗ್ಗ ಬಿಗಿದು ಅದು ಒದ್ದಾಡುತ್ತಿರುವಾಗ ಗಂಟು ಬಿಚ್ಚಲು ಸಮಯ ಇರುವುದಿಲ್ಲ. ಬೆನ್ನನ್ನು ಚರ್ಮದ ಕಡೆಗಿಟ್ಟು ಹಗ್ಗದಡಿ ತೂರಿಸಿ ಹೊರಮುಖವಾಗಿ ಎಳೆಯಬೇಕು. ಕರು ಕೊಸರಿದರೂ ಚುಚ್ಚುವ ಮೊನೆ ಇಲ್ಲ.

ಕೊಕ್ಕಿನ ಅಲಗು (ಹಾಕ್‌ಬಿಲ್)

ನಮ್ಮ ಕುಡುಗೋಲಿನ ಚಿಕ್ಕ ತಮ್ಮ. ಒಳಬಾಗಿದ ಬಾಯಿ ಕಡ್ಡಿಯನ್ನು ಜಾರಲು ಬಿಡದೆ ಹಿಡಿದು, ಎಳೆದಾಗ ಕತ್ತರಿಸುತ್ತದೆ. ಎಳೆಯ ಚಿಗುರು ತೆಗೆಯಲು, ಬಳ್ಳಿ ಸವರಲು, ಸುತ್ಲಿ ಹರಿಯಲು ಒಳ್ಳೆಯದು. ಸಾಣೆ ಹಿಡಿಯುವುದು ಮಾತ್ರ ಕಷ್ಟ. ಚಪ್ಪಟೆ ಕಲ್ಲು ಒಳಬಾಗಿಗೆ ತಾಗದು, ದುಂಡು ಕಡ್ಡಿಯಂಥ ಸಾಣೆ ಬೇಕು.

ಗರಗಸದ ಹಲ್ಲಿನ ಬಾಯಿ

ನೈಲಾನ್ ಹಗ್ಗ, ತೆಂಗಿನ ನಾರು ಮುಂತಾದವನ್ನು ಸರಸರನೆ ಕತ್ತರಿಸುತ್ತದೆ. ಗಿಡಕ್ಕೆ ಮಾತ್ರ ಹಾಕಬೇಡಿ. ಹರಿದ ಗಾಯ ನಿಧಾನವಾಗಿ ಮಾಯುತ್ತದೆ, ಅಲ್ಲಿಂದ ರೋಗ ಒಳಗೆ ಹೋಗುತ್ತದೆ.

ಕಸಿಗೆ ಬೇರೆಯೇ ಚಾಕು

ಮಲ್ಟಿಟೂಲ್ ಅಲಗಿಗೆ ಸಾಮಾನ್ಯವಾಗಿ ಎರಡೂ ಕಡೆ ಸಾಣೆ ಇರುತ್ತದೆ. ಕಸಿಚಾಕುವಿಗೆ ಒಂದೇ ಕಡೆ; ಇನ್ನೊಂದು ಮುಖ ಚಪ್ಪಟೆ. ಆ ಚಪ್ಪಟೆ ಮುಖ ಕಡ್ಡಿಗೆ ಒತ್ತಿಕೊಂಡು ಸಾಗುವುದರಿಂದ ಕೊಯ್ತ ಸಮತಟ್ಟಾಗಿ ಬರುತ್ತದೆ. ಮಾವಿನ ಮೃದುಕಾಂಡ ಕಸಿಯಲ್ಲಿ ಕಡ್ಡಿಯ ಬುಡವನ್ನು 4–5 ಸೆಂ.ಮೀ. ಉದ್ದದ ಬೆಣೆಯಂತೆ ಕೊಯ್ಯುತ್ತೇವಲ್ಲ, ಅದು ಉಬ್ಬುತಗ್ಗಾದರೆ ತೊಗಟೆಯಡಿಯ ಹಸಿರು ಪದರ ಒಂದಕ್ಕೊಂದು ಕೂಡುವುದಿಲ್ಲ. ನಡುವೆ ಗಾಳಿ ನಿಂತು ಕಡ್ಡಿ ಒಣಗುತ್ತದೆ. ಕಣ್ಣುಕಸಿಗಾದರೆ ತೊಗಟೆ ಎಬ್ಬಿಸುವ ಮೊಂಡು ನಾಲಿಗೆ ಇರುವ ಚಾಕು ನೋಡಿ. ಎಡಗೈಯವರು ಸಾಣೆ ಇನ್ನೊಂದು ಕಡೆ ಇರುವುದನ್ನು ಕೇಳಿ ತಗೊಳ್ಳಿ.

ಕೊಳ್ಳುವಾಗ, ಬಳಸುವಾಗ

1897ರಲ್ಲಿ ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ನೋಂದಾಯಿಸಿದ ಅಧಿಕಾರಿಗಳ ಚಾಕುವಿನಲ್ಲೇ ದೊಡ್ಡದೊಂದು, ಚಿಕ್ಕದೊಂದು ಎರಡು ಅಲಗು ಇದ್ದವು. ಆ ಲೆಕ್ಕ ಇವತ್ತಿಗೂ ಸರಿ. ಡ್ರಾಪ್ ಪಾಯಿಂಟ್ ಒಂದು, ಜೊತೆಗೆ ಹಲ್ಲಿನದೋ ಶೀಪ್ಸ್‌ಫುಟ್ಟೋ ಒಂದು ಇರುವುದನ್ನು ಆರಿಸಿ. ಬಿಚ್ಚಿದ ಅಲಗು ತಾನಾಗಿ ಮಡಚದಂತೆ ಲಾಕ್ ಇರಲೇಬೇಕು. ಅಂಗಡಿಯಲ್ಲೇ ಬಿಚ್ಚಿ, ಬೆರಳು ದಾರಿಯಲ್ಲಿ ಇಡದೆ, ಬೆನ್ನನ್ನು ಮೇಜಿಗೆ ಮೆಲ್ಲಗೆ ಒತ್ತಿ ನೋಡಿ. ಅಲುಗಾಡಿದರೆ ಬೇಡ.

ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಮಳೆಯಲ್ಲಿ, ಬಾಳೆ ಸೊನೆಯಲ್ಲಿ ಕೆಲಸ ಮಾಡುವವರಿಗೆ ಸ್ಟೇನ್‌ಲೆಸ್ ವಾಸಿ.

ಕೊನೆಯದಾಗಿ, ಆಕಾರ ಯಾವುದೇ ಇರಲಿ, ಕೊಳಕು ಚಾಕು ರೋಗ ಹೊತ್ತು ತಿರುಗುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ಗಿಡದಿಂದ ಗಿಡಕ್ಕೆ ಸವರುವ ಕತ್ತಿಯಲ್ಲೇ ಹೋಗಬಲ್ಲದು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅಲಗು ಅದ್ದಿ. ಅದು ಲೋಹವನ್ನು ತಿನ್ನುವುದರಿಂದ ಸಂಜೆ ನೀರಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಿ.